ಎಸ್ಸೆಸ್ಸೆಲ್ಸಿಯಲ್ಲಿ ಅರ್ಧದಷ್ಟು ಮಕ್ಕಳು ಫೇಲಾದ ಸರ್ಕಾರಿ ಹೈಸ್ಕೂಲಿಗೆ ಮಗಳನ್ನು ಸೇರಿಸಬಹುದೇ?

ನೀವು ಎರಡು ವಿಷಯ ಕೇಳಿದ್ದೀರಿ. ಮಗಳು ಏಳನೇ ಕ್ಲಾಸ್ ಮುಗಿಸಿದ್ದಾಳೆ, ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಪಾಸಾಗುವವರು ಅರ್ಧದಷ್ಟು ಮಾತ್ರ, ಸೇರಿಸಬಹುದಾ ಅಂತ ಒಂದು. ಶಾಲೆಗಳ ಅಂಕಿಅಂಶ ಸಿಗುವ ಸರ್ಕಾರದ ಯುಡೈಸ್ ವೆಬ್‌ಸೈಟಿನಲ್ಲಿ ನೋಡಿದರೆ ಅಲ್ಲಿ ಎಸ್‌ಸಿ, ಎಸ್‌ಟಿ ಮಕ್ಕಳೇ ಜಾಸ್ತಿ ಇದ್ದಾರೆ, ಫಲಿತಾಂಶ ಕಡಿಮೆ ಬರೋದು ಅದಕ್ಕೇನಾ ಅಂತ ಇನ್ನೊಂದು. ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಎರಡನೆಯದಕ್ಕೇ ಮೊದಲು ಉತ್ತರ ಕೊಡುತ್ತೇನೆ, ಯಾಕಂದ್ರೆ ಅದನ್ನು ತಪ್ಪು ತಿಳಿದುಕೊಂಡರೆ ಮೊದಲನೆಯದೂ ತಪ್ಪಾಗುತ್ತದೆ.

ಜಾತಿಯಿಂದ ಯಾವ ಮಗುವೂ ಫೇಲ್ ಆಗುವುದಿಲ್ಲ. ಫೇಲ್ ಮಾಡುವುದು ಮನೆಯ ಪರಿಸ್ಥಿತಿ, ತಪ್ಪಿದ ಕ್ಲಾಸುಗಳು, ಇಲ್ಲದ ಶಿಕ್ಷಕರು. ಈ ಮೂರೂ ಬಡವರ ಮಕ್ಕಳ ಪಾಲಿಗೇ ಜಾಸ್ತಿ ಬರುತ್ತವೆ. ನಮ್ಮ ಕಡೆ ಬಡವರಲ್ಲಿ ಈ ಸಮುದಾಯದವರು ಜಾಸ್ತಿ, ಅಷ್ಟೇ. ಅದೇ ಸಮುದಾಯದ ಮಕ್ಕಳು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಓದಿ ಒಳ್ಳೆ ಮಾರ್ಕ್ಸ್ ತೆಗೆಯುತ್ತಾರೆ. ಅಲ್ಲಿ ಮೂರು ಹೊತ್ತು ಊಟ ಇದೆ, ರಾತ್ರಿ ಓದಲು ದೀಪ ಇದೆ, ಹೊಲದ ಕೆಲಸಕ್ಕೆ ಕರೆಯುವವರಿಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಶಾಲೆಗಳು, ಸರ್ಕಾರದ್ದೇ ಆದ ಆದರ್ಶ ವಿದ್ಯಾಲಯಗಳು ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಕೈಯಲ್ಲಿ ಸ್ವಲ್ಪ ದುಡ್ಡು ಇರುವವರು ಖಾಸಗಿಗೆ ಹಾಕುತ್ತಾರೆ. ಉಳಿದ ಮಕ್ಕಳೆಲ್ಲ ಎಂಟನೇ ಕ್ಲಾಸಿಗೆ ನಮ್ಮ ಹತ್ತಿರ ಬರುತ್ತಾರೆ. ನಾವು ಯಾರನ್ನೂ ಬೇಡ ಅನ್ನುವ ಹಾಗಿಲ್ಲ, ಅನ್ನಲೂಬಾರದು.

ಹೀಗೆ ಬರುವ ಮಕ್ಕಳು ಎಲ್ಲಿಂದ ಶುರು ಮಾಡುತ್ತಾರೆ ಗೊತ್ತಾ? ಜೂನ್‌ನಲ್ಲಿ ಸೇತುಬಂಧ ಪರೀಕ್ಷೆ (ಹಿಂದಿನ ಕ್ಲಾಸಿನ ಪಾಠ ಎಷ್ಟು ಬರುತ್ತದೆ ಅಂತ ನೋಡುವುದು) ಮಾಡಿದಾಗ ಎಂಟನೇ ಕ್ಲಾಸಿನ ಹಲವರಿಗೆ ಮೂರಂಕಿಯ ಭಾಗಾಕಾರ ಬರುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ದಕ್ಷಿಣ ಕನ್ನಡದ್ದು ಶೇ. 88.57, ಎಲ್ಲಕ್ಕಿಂತ ಜಾಸ್ತಿ. ಈಗ ಎಸ್ಸೆಸ್ಸೆಲ್ಸಿ ಪಟ್ಟಿ ನೋಡಿ. 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು, ಯಾದಗಿರಿ ಕೊನೆಗೆ. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆಗೆ. ಅಪ್ಪ ಅಮ್ಮ ಓದಿದ್ದಾರೋ ಇಲ್ಲವೋ ಅನ್ನುವುದು ಮಕ್ಕಳ ಮಾರ್ಕ್ಸ್ ಕಾರ್ಡಿನವರೆಗೂ ಬರುತ್ತದೆ.

ದಸರಾ ಮುಗಿದ ಮೇಲೆ ನಮ್ಮ ಹಾಜರಿ ಪುಸ್ತಕ ತೆರೆದರೆ ಎಲ್ಲ ಅರ್ಥವಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಒಂದು ದಿನವೂ ತಪ್ಪಿಸದ ಹುಡುಗಿಯ ಸಾಲಿನಲ್ಲಿ ನವೆಂಬರ್ ಬಂದ ಕೂಡಲೇ ಗೈರು ಶುರು. ಹತ್ತಿ ಬಿಡಿಸುವ ಕಾಲ ಅದು. ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಬಂದ ದಿನ ನೋಡಿದರೆ ಹತ್ತಿಕಾಯಿಯ ಸಿಪ್ಪೆ ಗೀರಿ ಬೆರಳೆಲ್ಲ ಗಾಯ, ಪೆನ್ನು ಹಿಡಿಯುವುದೂ ಕಷ್ಟ. ಅದೇ ಹೊತ್ತಿಗೆ ನಾನು ಬೋರ್ಡ್ ಮೇಲೆ ವರ್ಗ ಸಮೀಕರಣ ಬಿಡಿಸುತ್ತಿರುತ್ತೇನೆ. ಇನ್ನು ಕೆಲವು ಮನೆಗಳಲ್ಲಿ ಅಪ್ಪ ಅಮ್ಮ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿರುತ್ತಾರೆ. ಅಜ್ಜಿ ಜೊತೆ ಉಳಿದ ಮಗುವೇ ಅಡುಗೆ ಮಾಡಿ, ತಮ್ಮಂದಿರಿಗೆ ಉಣಿಸಿ ಶಾಲೆಗೆ ಬರಬೇಕು. ಇಂಥ ಮಗು ಗಣಿತದಲ್ಲಿ ಪಾಸಾದರೆ ನನಗೆ ಆಗುವ ಸಂತೋಷವನ್ನು ಶೇಕಡಾ ಲೆಕ್ಕದಲ್ಲಿ ತೋರಿಸೋಕಾಗಲ್ಲ.

ಇನ್ನು ಆ ಶೇಕಡಾ ಲೆಕ್ಕದ ವಿಷಯ. ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಗ್ರೇಸ್ ಮಾರ್ಕ್ಸ್ ಅನ್ನು ಶೇ. 20ಕ್ಕೆ ಏರಿಸಿದರೂ ಫಲಿತಾಂಶ 73.40ಕ್ಕೆ ಇಳಿಯಿತು. 2025ರಲ್ಲಿ ಆ ಗ್ರೇಸ್ ತೆಗೆದರು, ಮೊದಲ ಪರೀಕ್ಷೆಯಲ್ಲಿ 66.14 ಬಂತು. ಎರಡು ವರ್ಷದಲ್ಲಿ ಶಿಕ್ಷಕರೆಲ್ಲ ಒಮ್ಮೆಲೇ ಕೆಟ್ಟುಹೋದರಾ? ಇಲ್ಲ, ಪರೀಕ್ಷೆ ನಡೆಸುವ ರೀತಿ ಬದಲಾಯಿತು. ಅದು ಒಳ್ಳೆಯದಕ್ಕೇ ಆಯಿತು ಅಂತ ನನ್ನ ಅಭಿಪ್ರಾಯ. ಹಾಗಾಗಿ ಶಾಲೆಯ ಹಳೆ ಫಲಿತಾಂಶ, ಹೊಸ ಫಲಿತಾಂಶ ಪಕ್ಕಪಕ್ಕ ಇಟ್ಟು ಅಳೆಯಬೇಡಿ. ಖಾಸಗಿ ಶಾಲೆಯ ಶೇ. 100 ಬ್ಯಾನರ್ ನೋಡಿದಾಗಲೂ ಒಂದು ಪ್ರಶ್ನೆ ಕೇಳಿ. ಎರಡು ವರ್ಷದ ಹಿಂದೆ ಎಂಟನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು, ಹತ್ತನೇ ಕ್ಲಾಸ್ ಪರೀಕ್ಷೆ ಬರೆದವರು ಎಷ್ಟು? ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುವ ಶಾಲೆಗಳಿವೆ. ಆ ಮಕ್ಕಳಲ್ಲಿ ಕೆಲವರು ಆಮೇಲೆ ನಮ್ಮ ಶಾಲೆಗೇ ಬಂದು ಕೂರುತ್ತಾರೆ.

ಇಷ್ಟೆಲ್ಲ ಹೇಳಿದ್ದು ಸರ್ಕಾರಿ ಶಾಲೆಯ ತಪ್ಪು ಮುಚ್ಚೋಕಲ್ಲ. ಮಕ್ಕಳು ಬಡವರು, ಏನು ಮಾಡೋಕಾಗುತ್ತೆ ಅಂತ ಕೈಚೆಲ್ಲಿ ಕೂತ ಶಾಲೆಗಳೂ ಇವೆ. ಅಂಥ ಕಡೆ ನಿಮ್ಮ ಮಗಳನ್ನು ಕಳಿಸಬೇಡಿ. ಅದನ್ನು ತಿಳಿಯೋದು ಕಷ್ಟವೇನಲ್ಲ. ಒಂದು ದಿನ ಶಾಲೆಗೇ ಹೋಗಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು ಕಾಯಂ ಇದ್ದಾರಾ, ಎಷ್ಟು ವರ್ಷದಿಂದ ಇದ್ದಾರೆ ಕೇಳಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಮಕ್ಕಳು ಜಾಸ್ತಿ ಫೇಲಾಗುವುದು ಗಣಿತ, ವಿಜ್ಞಾನದಲ್ಲಿ, ಆ ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಕೆಲವು ಅಧ್ಯಾಯ ಕೈಬಿಟ್ಟು ಹೋಗಿರುತ್ತವೆ. ಆಮೇಲೆ ಎಂಟನೇ ಕ್ಲಾಸಿನ ಒಂದೆರಡು ನೋಟ್‌ಬುಕ್ ತೆಗೆದು ನೋಡಿ. ತಪ್ಪು ಲೆಕ್ಕದ ಪಕ್ಕ ಶಿಕ್ಷಕರು ಸರಿ ಮಾಡಿ ಬರೆದಿದ್ದಾರಾ, ಅಥವಾ ಸುಮ್ನೆ ಕೆಂಪು ಗೀಟು ಎಳೆದು ಸಹಿ ಹಾಕಿದ್ದಾರಾ?

ಹತ್ತನೇ ಕ್ಲಾಸಿಗೆ ಬಂದ ಮೇಲೆ ಪಾಸಿಂಗ್ ಪ್ಯಾಕೇಜ್ ಅಂತ ಮಾಡುತ್ತೇವೆ. ನಕ್ಷೆ ಬರೆಯುವುದು, ಥೇಲ್ಸ್ ಪ್ರಮೇಯ, ಸರಾಸರಿ, ಬಹುಲಕ, ಇಷ್ಟು ಕಲಿತರೆ ದಡ ಸೇರಬಹುದು ಅಂತ. ಹಿಂದೆ ಬಿದ್ದ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಚೆನ್ನಾಗಿ ಓದುವ ಮಕ್ಕಳಿಗೂ ಜನವರಿಯಿಂದ ಅದನ್ನೇ ಮಾಡಿಸುತ್ತಾ ಕೂತರೆ ಅವರಿಗೆ ನಷ್ಟ. ನಿಮ್ಮ ಮಗಳು ಓದಿನಲ್ಲಿ ಚುರುಕು ಅಂತ ಬರೆದಿದ್ದೀರಿ, ಅಲ್ವಾ? ಹಾಗಾದರೆ ಕಳೆದ ವರ್ಷ ಆ ಶಾಲೆಯಲ್ಲಿ 500ಕ್ಕಿಂತ ಹೆಚ್ಚು ತೆಗೆದವರು ಎಷ್ಟು ಮಂದಿ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಪಾಸಾದವರ ಶೇಕಡಾಕ್ಕಿಂತ ನಿಮಗೆ ಬೇಕಾದ ಅಂಕಿ ಅದು. ಆ ಮಕ್ಕಳ ಮನೆ ಊರಲ್ಲೇ ಇದ್ದರೆ ಹೋಗಿ ಮಾತಾಡಿಸಿ, ಟ್ಯೂಷನ್‌ಗೆ ಹೋಗಿದ್ದರಾ ಅಂತಲೂ ವಿಚಾರಿಸಿ.

ಪಿಸಿಎಂ ಮತ್ತು ಇಂಗ್ಲಿಷ್ ಶಿಕ್ಷಕರು ಕಾಯಂ ಇದ್ದು, ನೋಟ್‌ಬುಕ್ ನೋಡಿ ನಿಮಗೆ ಸಮಾಧಾನವಾದರೆ ಧೈರ್ಯವಾಗಿ ಸೇರಿಸಿ. ಸೇರಿಸಿದ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ತಪ್ಪದೆ ಹೋಗಿ. ಖಾಲಿ ಹುದ್ದೆ ಬಗ್ಗೆ ನಾವು ಶಿಕ್ಷಕರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬರೆಯುವ ಪತ್ರಕ್ಕಿಂತ, ನಾಲ್ಕು ಜನ ತಂದೆ ತಾಯಿ ಹೋಗಿ ಎದುರು ನಿಂತು ಕೇಳಿದರೆ ಕೆಲಸ ಬೇಗ ಆಗುತ್ತದೆ.