ತೂಕದ ಯಂತ್ರಕ್ಕೂ ಯುಎಸ್‌ಬಿಗೂ ಒಂದೇ ನಂಬರ್ ಯಾಕೆ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮ ಕೊಬ್ಬರಿ ಮಂಡಿ ಇದೆ. ತೂಕದ ಯಂತ್ರದಿಂದ ಸೀರಿಯಲ್ ಕೇಬಲ್ ಎಳೆದು ಕಂಪ್ಯೂಟರಿಗೆ ಹಾಕಿದ್ದೆವು, ತೂಕ ನೇರ ಬಿಲ್ಲಿಗೆ ಬರುತ್ತಿತ್ತು. ಹಳೆ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಸೀರಿಯಲ್ ಪೋರ್ಟ್ ಇರಲಿಲ್ಲ, ಕಾರ್ಡ್ ಹಾಕಿಸಿದೆವು. ಈಗ ತೂಕ ಬರುತ್ತಿಲ್ಲ. ಮೊದಲು ಪೋರ್ಟಿನ ಐಆರ್‌ಕ್ಯೂ 4 ಇತ್ತು, ಈಗ 16. ಯುಎಸ್‌ಬಿಗೂ ಅದೇ 16! ‘ಎರಡೂ ಕಿತ್ತಾಡ್ತಿವೆ, ವಿಂಡೋಸ್ ಹೊಸದಾಗಿ ಹಾಕಬೇಕು’ ಅಂದರು ರಿಪೇರಿಯವರು. ಈ ನಂಬರ್ ಯಾರು ಕೊಡೋದು ಸರ್? ನಾವೇ 4 ಮಾಡಬಹುದಾ?
– ಓದುಗರೊಬ್ಬರು, ತಿಪಟೂರು

ಉತ್ತರ: ವಿಂಡೋಸ್ ಹಾಕಿಸಬೇಡಿ, ಸುಮ್ನೆ ದುಡ್ಡು ದಂಡ. ಇಬ್ಬರಿಗೆ ಒಂದೇ ನಂಬರ್ ಇರುವುದು ಈಗ ತಪ್ಪೇ ಅಲ್ಲ. ಒಂದು ಕಾಲದಲ್ಲಿ ತಪ್ಪಾಗಿತ್ತು.

ಐಆರ್‌ಕ್ಯೂ ಅಂದರೆ ಕಾಲಿಂಗ್ ಬೆಲ್ ಅಂದುಕೊಳ್ಳಿ. ಪ್ರೊಸೆಸರ್ ತನ್ನ ಕೆಲಸದಲ್ಲಿ ಮುಳುಗಿರುತ್ತದೆ. ಕೀಲಿ ಒತ್ತಿದಾಗ, ತೂಕ ಬಂದಾಗ, ಆ ಸಾಧನ ಬೆಲ್ ಒತ್ತಿ ಕರೆಯುತ್ತದೆ. 1981ರ ಐಬಿಎಂ ಪಿಸಿಯಲ್ಲಿ ಇಂಥ ಬೆಲ್ಲು ಎಂಟೇ. 1984ರಲ್ಲಿ ಬೆಲ್ಲುಗಳನ್ನು ನೋಡಿಕೊಳ್ಳುವ ಇನ್ನೊಂದು ಚಿಪ್ ಸೇರಿಸಿದರು. ಎರಡನ್ನು ಜೋಡಿಸಲು ಒಂದು ಲೈನು ಹೋಯಿತು, ಉಳಿದದ್ದು ಹದಿನೈದು. ಟೈಮರ್‌ಗೆ 0, ಕೀಬೋರ್ಡಿಗೆ 1, ಮೊದಲ ಸೀರಿಯಲ್ ಪೋರ್ಟಿಗೆ 4. ನಿಮ್ಮ ಹಳೆಯ 4 ಬಂದದ್ದು ಅಲ್ಲಿಂದ.

ಆಗ ಕಾರ್ಡಿನ ಮೇಲಿನ ಜಂಪರ್ (ಪಿನ್ನುಗಳಿಗೆ ಸಿಕ್ಕಿಸುವ ಪುಟ್ಟ ಟೋಪಿ) ಕಿತ್ತು ಹಾಕಿ ನಂಬರ್ ಕೂರಿಸಬೇಕಿತ್ತು. ಒಮ್ಮೆ ನಾನು ಮೋಡೆಮ್ಮಿಗೂ 4, ಮೌಸಿಗೂ 4 ಕೊಟ್ಟುಬಿಟ್ಟೆ. ಇಂಟರ್‌ನೆಟ್ ಕನೆಕ್ಟ್ ಆದ ಕೂಡಲೇ ಮೌಸ್ ಕಲ್ಲಾಗಿ ನಿಂತಿತು. ಅರ್ಧ ದಿನ ಮೌಸಿನ ಉಂಡೆ ಒರೆಸುತ್ತಾ ಕೂತಿದ್ದೆ! ಆ ಕಾಲದ ಕಾರ್ಡು ಬೆಲ್ಲನ್ನು ಒಮ್ಮೆ ಟಣ್ ಅನ್ನಿಸಿ ಕೈ ಬಿಡುತ್ತಿತ್ತು. ಇಬ್ಬರು ಒಟ್ಟಿಗೆ ಒತ್ತಿದರೆ ಒಬ್ಬರದು ಕೇಳುತ್ತಲೇ ಇರಲಿಲ್ಲ.

ಮುಂದೆ ಪಿಸಿಐ ಅನ್ನುವ ಹೊಸ ಬಗೆಯ ಕಾರ್ಡ್ ಸ್ಲಾಟ್ ಬಂತು, ಅದರಲ್ಲಿ ಈ ರೀತಿ ಬದಲಾಯಿತು. ಯಾರಾದರೂ ಬಂದು ವಿಚಾರಿಸುವವರೆಗೂ ಬೆಲ್ ಒತ್ತಿ ಹಿಡಿಯುವುದು. 16 ಬಾರಿಸಿತು ಅಂದರೆ ವಿಂಡೋಸ್ ಆ ನಂಬರಿನ ಸಾಧನಗಳನ್ನು ನಡೆಸುವ ಪ್ರೋಗ್ರಾಂಗಳನ್ನು, ಅಂದರೆ ಡ್ರೈವರ್‌ಗಳನ್ನೆಲ್ಲ ಸಾಲಾಗಿ ಕೇಳುತ್ತದೆ: ‘ನಿನ್ನದಾ? ನಿನ್ನದಾ?’ ಯಾರದೋ ಅವರ ಕೆಲಸ ಮುಗಿಯುತ್ತದೆ, ಬೆಲ್ ನಿಲ್ಲುತ್ತದೆ. ಇನ್ನೊಬ್ಬರು ಒತ್ತಿ ಹಿಡಿದಿದ್ದರೆ ಅದು ಬಾರಿಸುತ್ತಲೇ ಇರುತ್ತದೆ, ಅವರ ಸರದಿಯೂ ತಪ್ಪುವುದಿಲ್ಲ.

ಇನ್ನು ನಂಬರ್ ಯಾರು ಕೊಡೋದು ಅನ್ನುವ ಪ್ರಶ್ನೆ. ಮೊದಲು ಯಾರು ಯಾರು ಇದ್ದಾರೆ ಅಂತ ಗೊತ್ತಾಗುವುದು ಶಾಲೆಯ ಹಾಜರಿಯ ಹಾಗೆ. ಸ್ವಿಚ್ ಹಾಕಿದ ಕೂಡಲೇ ಬಯಾಸ್ (ಮದರ್‌ಬೋರ್ಡಿನಲ್ಲೇ ಇರುವ, ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ), ಆಮೇಲೆ ವಿಂಡೋಸ್, ಒಂದೊಂದೇ ಜಾಗದ ಹೆಸರು ಕೂಗುತ್ತವೆ. ಕಾರ್ಡುಗಳನ್ನು ಪ್ರೊಸೆಸರಿಗೆ ಜೋಡಿಸುವ ದಾರಿಗೆ ‘ಬಸ್’ ಅನ್ನುತ್ತಾರೆ, ಅಂಥ ಒಂದು ಬಸ್ಸಿನಲ್ಲಿ 32 ಜಾಗ. ಕಾರ್ಡ್ ಇದ್ದರೆ ತನ್ನ ಕಂಪನಿಯ ನಂಬರ್ ಹೇಳುತ್ತದೆ. ಇಂಟೆಲ್‌ನದು 8086, ತಮ್ಮ 1978ರ ಪ್ರೊಸೆಸರ್ ನೆನಪಿಗೆ! ಜಾಗ ಖಾಲಿ ಇದ್ದರೆ ಬರುವುದು ಬರೀ ಎಫ್‌ಎಫ್‌ಎಫ್‌ಎಫ್. ಹಳೇ ಮಾದರಿಯ ಕೀಬೋರ್ಡ್ ಪೋರ್ಟಿಗೆ ಹೀಗೆ ಓಗೊಡಲು ಬರುವುದಿಲ್ಲ. ಅಂಥವರ ಪಟ್ಟಿಯನ್ನು ಮದರ್‌ಬೋರ್ಡ್ ಮಾಡಿದವರೇ ಎಸಿಪಿಐ ಅನ್ನುವ ಕೋಷ್ಟಕದಲ್ಲಿ ಬರೆದಿಟ್ಟಿರುತ್ತಾರೆ. ಯಾವ ಸ್ಲಾಟಿನ ಬೆಲ್ಲು ಯಾವ ನಂಬರಿಗೆ ಹೋಗುತ್ತದೆ ಅನ್ನುವುದೂ ಅದರಲ್ಲೇ ಇರುತ್ತದೆ.

ಈಗಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ 24 ಲೈನು. 0ಯಿಂದ 15 ಹಳಬರಿಗೆ ಮೀಸಲು, ಪಿಸಿಐ ಕಾರ್ಡುಗಳಿಗೆ 16ರಿಂದ ಮುಂದೆ. ನಿಮಗೆ 16 ಸಿಕ್ಕಿದ್ದು ಹೀಗೆ. ಅದನ್ನು ಕೈಯಾರೆ 4 ಮಾಡಲು ವಿಂಡೋಸ್ ಬಿಡುವುದಿಲ್ಲ. ವಿಂಡೋಸ್ ತೋರಿಸುವ ಐಆರ್‌ಕ್ಯೂ ಪಟ್ಟಿಯಲ್ಲಿ ಕೆಲವು ಸಾಧನಗಳಿಗೆ ಮೈನಸ್ ನಂಬರ್ ಕಂಡರೂ ಗಾಬರಿ ಬೇಡ. ಅವು ಬೆಲ್ ಲೈನೇ ಬಳಸುವುದಿಲ್ಲ, ಮೆಮೊರಿಗೆ ಚೀಟಿ ಬರೆದು ಕರೆಯುತ್ತವೆ.

ಹಾಗಾದರೆ ತೂಕ ಯಾಕೆ ಬರುತ್ತಿಲ್ಲ? ನನ್ನ ಅನುಮಾನ ಪೋರ್ಟಿನ ಹೆಸರಿನ ಮೇಲೆ. ಹೊಸ ಕಾರ್ಡಿಗೆ ಜಾಸ್ತಿ ಸಲ ಕಾಮ್ 3 ಅಂತಲೋ ಕಾಮ್ 5 ಅಂತಲೋ ಹೆಸರು ಬೀಳುತ್ತದೆ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಇನ್ನೂ ಕಾಮ್ 1ನ್ನೇ ಹುಡುಕುತ್ತಿರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್ ತೆರೆಯಿರಿ. ಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್ ಒತ್ತಿ ಕಾಮ್ 1 ಆರಿಸಿ. ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) ತೂಕದ ಯಂತ್ರ, ಕಂಪ್ಯೂಟರ್ ಎರಡೂ ಕಡೆ ಒಂದೇ ಇದೆಯಾ ನೋಡಿ. ಇಷ್ಟಾದರೂ ಬರದಿದ್ದರೆ ಮದರ್‌ಬೋರ್ಡ್ ಮೇಲೆ ‘ಕಾಮ್’ ಅಂತ ಬರೆದ ಒಂಬತ್ತು ಪಿನ್ನಿನ ಜಾಗ ಇದೆಯಾ ಹುಡುಕಿ. ಕೆಲವು ಬೋರ್ಡುಗಳಲ್ಲಿ ಇನ್ನೂ ಇರುತ್ತದೆ. ಅಲ್ಲಿಂದ ಕೇಬಲ್ ಎಳೆದು ಬಯಾಸ್‌ನಲ್ಲಿ ಆನ್ ಮಾಡಿದರೆ ಸಾಮಾನ್ಯವಾಗಿ ಸಿಗುವುದು ನಿಮ್ಮ ಹಳೇ 4 ನಂಬರೇ.