ಕಾರು ತೊಳೆದ ಮರುದಿನವೇ ಡಿಸ್ಕ್ ಮೇಲೆ ತುಕ್ಕು, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಭಾನುವಾರ ಸಂಜೆ ಕಾರು ತೊಳೆದು ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ ಮುಂದಿನ ಬ್ರೇಕ್ ಡಿಸ್ಕ್‌ಗಳ ಮೇಲೆ ಕೆಂಪು ತುಕ್ಕು ಕಾಣುತ್ತದೆ. ಕಾರು ತೆಗೆದು ಒಂದು ವರ್ಷವೂ ಆಗಿಲ್ಲ. ತೊಳೆದ ಮೇಲೆ ಡಿಸ್ಕ್‌ಗೆ ಸ್ವಲ್ಪ ಎಣ್ಣೆ ಸವರಿ ಎಂದು ಪಕ್ಕದ ಮನೆಯವರು ಹೇಳಿದರು. ಸವರಬಹುದಾ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಎಣ್ಣೆ ಮಾತ್ರ ಬೇಡ, ದಯವಿಟ್ಟು. ಎಣ್ಣೆ, ಗ್ರೀಸ್, ಪಾಲಿಶ್, ತುಕ್ಕು ಬಿಡಿಸುವ ಸ್ಪ್ರೇ, ಯಾವುದೂ ಡಿಸ್ಕ್ ಮುಖಕ್ಕೆ ತಾಗಬಾರದು. ಬ್ರೇಕ್ ಒತ್ತಿದಾಗ ಪ್ಯಾಡ್, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಬಿಗಿಯಾಗಿ ಉಜ್ಜಿ ಹಿಡಿಯುವುದರಿಂದಲೇ ಕಾರು ನಿಲ್ಲುವುದು, ಅಲ್ವಾ? ನಡುವೆ ಜಿಡ್ಡು ಬಂದರೆ ಆ ಹಿಡಿತ ಹೋಗುತ್ತದೆ, ಪ್ಯಾಡ್ ಜಿಡ್ಡು ಹೀರಿಕೊಂಡರೆ ಅದನ್ನು ಬದಲಾಯಿಸಲೇಬೇಕು. ಈಗಾಗಲೇ ಸವರಿದ್ದರೆ ಕಾರು ರಸ್ತೆಗೆ ಇಳಿಸಬೇಡಿ, ಮೆಕ್ಯಾನಿಕ್‌ನ್ನು ಮನೆಗೇ ಕರೆಸಿ.

ಇನ್ನು ತುಕ್ಕು. ಡಿಸ್ಕ್ ಆಗುವುದು ಎರಕದ ಕಬ್ಬಿಣದಿಂದ. ಪ್ಯಾಡ್ ಉಜ್ಜುವ ಜಾಗಕ್ಕೆ ಬಣ್ಣ ಹಚ್ಚಿದರೂ ನಿಲ್ಲುವುದಿಲ್ಲ, ಹಾಗಾಗಿ ಅಲ್ಲಿ ಬರೀ ಕಬ್ಬಿಣವೇ ನೀರಿಗೆ ಸಿಗುತ್ತದೆ. ನೀರು ಬಿದ್ದ ಕೆಲವೇ ಗಂಟೆಗಳಲ್ಲಿ ತೆಳುವಾದ ತುಕ್ಕು ಹಿಡಿಯುತ್ತದೆ, ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದು ಇನ್ನೂ ಬೇಗ. ಕಾರಿನಲ್ಲಿ ದೋಷವೇನೂ ಇಲ್ಲ. ಬೆಳಿಗ್ಗೆ ಹೊರಟು ನಾಲ್ಕೈದು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪ್ಯಾಡೇ ಅದನ್ನು ಉಜ್ಜಿ ತೆಗೆಯುತ್ತದೆ, ಮೊದಲು ಸ್ವಲ್ಪ ಗರಗರ ಶಬ್ದ ಬರಬಹುದು, ಅಷ್ಟೇ.

ಅದೂ ಬೇಡ ಎಂದಾದರೆ ಸಂಜೆ ತೊಳೆಯುವುದನ್ನು ಬಿಟ್ಟು ಬೆಳಿಗ್ಗೆ ತೊಳೆಯಿರಿ. ತೊಳೆದ ಕೂಡಲೇ ಒಂದೆರಡು ಕಿಲೋಮೀಟರ್ ಸುತ್ತಿ ಬನ್ನಿ, ಹಿಂದೆ ಯಾರೂ ಇಲ್ಲದಾಗ ಮೆಲ್ಲನೆ ಕೆಲವು ಸಲ ಬ್ರೇಕ್ ಒತ್ತಿ. ಆ ಬಿಸಿಗೆ ಡಿಸ್ಕ್ ಪೂರ್ತಿ ಒಣಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೊರಗಿನ ಮುಖ ಮಾತ್ರ ಒಣಗುತ್ತದೆ, ಒಳಮುಖ ಮತ್ತು ಪ್ಯಾಡ್ ಸಂದಿ ಹಾಗೇ ಒದ್ದೆ ಇರುತ್ತದೆ, ಅದಕ್ಕೇ ಈ ಸುತ್ತಾಟವೇ ಒಳ್ಳೆಯದು ಅನ್ನುತ್ತೇನೆ. ಚಾರ್ಮಾಡಿ ಘಾಟಿ ಇಳಿದು ಬಂದ ಬಿಸಿ ಡಿಸ್ಕ್‌ಗೆ ಮಾತ್ರ ತಣ್ಣೀರು ಹೊಡೆಯಬೇಡಿ, ಆರಲಿ.

ನನಗೆ ನಿಜವಾಗಿ ಚಿಂತೆ ಇರುವುದು ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಅಲುಗಾಡದೆ ನಿಲ್ಲುವ ಕಾರುಗಳ ಬಗ್ಗೆ. ಆಗ ತುಕ್ಕು ಒಳಗಿಳಿದು ಡಿಸ್ಕ್‌ನಲ್ಲಿ ಗುಳಿ ಬೀಳುತ್ತದೆ. ಒದ್ದೆ ಇರುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಚಕ್ರದ ಬ್ರೇಕ್ ಡ್ರಮ್‌ಗೆ ಅದರೊಳಗಿನ ಶೂ (ಪ್ಯಾಡ್‌ನಂತೆಯೇ ಉಜ್ಜಿ ಹಿಡಿಯುವ ಭಾಗ) ಅಂಟಿಕೊಳ್ಳುವುದೂ ಉಂಟು. ನನ್ನ ಕಾರಿಗೇ ಒಂದು ಮಳೆಗಾಲ ಹಾಗಾಗಿ ಹಿಂದಿನ ಚಕ್ರ ತಿರುಗಲೇ ಇಲ್ಲ, ಡ್ರಮ್‌ಗೆ ಸುತ್ತ ಮೆಲ್ಲಗೆ ಬಡಿದು ಬಿಡಿಸಬೇಕಾಯಿತು. ಜಾಸ್ತಿ ದಿನ ನಿಲ್ಲಿಸುವುದಿದ್ದರೆ ಸಮತಟ್ಟು ಜಾಗ ನೋಡಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಡಿ. ಇಳಿಜಾರಿನಲ್ಲಿ ಈ ಉಪಾಯ ಬೇಡವೇ ಬೇಡ. ಮನೆಯಲ್ಲಿ ಯಾರಾದರೂ ಇದ್ದರೆ ವಾರಕ್ಕೊಮ್ಮೆ ಸ್ವಲ್ಪ ದೂರ ಓಡಿಸಲು ಹೇಳಿ.

ಎಷ್ಟು ಸಲ ಬ್ರೇಕ್ ಒತ್ತಿದರೂ ಕೆಂಪು ಹೋಗದಿದ್ದರೆ, ಉಗುರಿಗೆ ಗುಳಿ ತಾಗಿದರೆ, ಬ್ರೇಕ್ ಒತ್ತುವಾಗ ಪೆಡಲ್ ನಡುಗಿದರೆ ಗ್ಯಾರೇಜಿಗೆ ಒಯ್ಯಿರಿ, ಡಿಸ್ಕ್ ದಪ್ಪ ಅಳೆದು ನೋಡಲು ಹೇಳಿ. ಇರಬೇಕಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಕೊರೆದಿರುತ್ತಾರೆ.