ಕಾಡಿನ ಪಾಠ ಮೊಬೈಲಿನಲ್ಲಿ, ಅಭ್ಯಾಸ ಬಚ್ಚಲೊಲೆಯಲ್ಲಿ

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷದ ವಿದ್ಯಾರ್ಥಿ. ಒಂದು ವರ್ಷದಿಂದ ಬುಷ್‌ಕ್ರಾಫ್ಟ್, ಅಂದರೆ ಕಾಡಿನಲ್ಲಿ ಸಿಕ್ಕಿದ್ದರಲ್ಲೇ ಬದುಕುವ ವಿದ್ಯೆಯ ವೀಡಿಯೋಗಳನ್ನು ನೋಡುತ್ತಿದ್ದೇನೆ. ಒಂದು ಉಚಿತ ಆನ್‌ಲೈನ್ ಕೋರ್ಸನ್ನೂ ಮುಗಿಸಿದೆ. ಬೆಂಕಿ ಹಚ್ಚುವುದು, ಸೂರು ಕಟ್ಟುವುದು, ದಿಕ್ಕು ಹಿಡಿಯುವುದು ಎಲ್ಲ ತಲೆಗೆ ಹೋಗಿದೆ. ಇಬ್ಬರು ಗೆಳೆಯರ ಜೊತೆ ಕಾಸರಗೋಡು ಜಿಲ್ಲೆಯ ರಾಣಿಪುರಂ ಕಾಡಿನಲ್ಲಿ ಟೆಂಟ್ ಇಲ್ಲದೆ ಒಂದು ರಾತ್ರಿ ಕಳೆಯುವ ಆಸೆ. ಬರೀ ಉಚಿತ ಪಾಠ ನೋಡಿ ಇದನ್ನೆಲ್ಲ ಕಲಿಯಬಹುದಾ? ಯಾರ ಪಾಠ ಒಳ್ಳೆಯದು?
– ಓದುಗ, ಮುಳ್ಳೇರಿಯ

ಉತ್ತರ: ಮೊದಲು ರಾಣಿಪುರಂ ವಿಷಯ ಮುಗಿಸಿಬಿಡೋಣ. ಬೇಡ ಮಾರಾಯರೇ. ಅದು ಅರಣ್ಯ ಇಲಾಖೆಯ ಜಾಗ, ಟಿಕೆಟ್ ತೆಗೆದುಕೊಂಡು ಹಗಲಲ್ಲಿ ಹತ್ತಿ ಇಳಿಯುವ ಗುಡ್ಡ. ಆಚೆ ಬದಿಗೆ ಕರ್ನಾಟಕದ ತಲಕಾವೇರಿ ಅಭಯಾರಣ್ಯ, ಆನೆಗಳಿಗೆ ಗಡಿ ಗೊತ್ತಿಲ್ಲ. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿ ಇಲ್ಲದೆ ಒಳಹೋಗುವುದು, ಬೆಂಕಿ ಹಾಕುವುದು, ಮರ ಕಡಿಯುವುದು 1961ರ ಕೇರಳ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ವೀಡಿಯೋದಲ್ಲಿ ಮೊಲ ಹಿಡಿಯಲು ಉರುಳು ಕಟ್ಟುವುದನ್ನು ತೋರಿಸುತ್ತಾರಲ್ವಾ, ಅದನ್ನು ಇಲ್ಲಿ ಮಾಡಿದರೆ 1972ರ ವನ್ಯಜೀವಿ ಕಾಯ್ದೆ ಬೀಳುತ್ತದೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿಬಿದ್ದ ಸುದ್ದಿ ನೀವೂ ಓದಿರುತ್ತೀರಿ. ಆ ಭಾಗ ಬಂದರೆ ಸುಮ್ನೆ ಮುಂದಕ್ಕೆ ಓಡಿಸಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಉಚಿತ ಪಾಠದಿಂದ ಕಲಿಯಬಹುದು, ಖಂಡಿತ ಕಲಿಯಬಹುದು. ದುಡ್ಡು ಕೊಟ್ಟ ಕೋರ್ಸಿನಲ್ಲಿ ಸಿಗುವ ಹೆಚ್ಚಿನ ವಿಷಯ ಪುಕ್ಕಟೆಯಾಗಿಯೇ ಸಿಗುತ್ತದೆ. ತೊಂದರೆ ಇರುವುದು ಬೇರೆ ಕಡೆ. ಪಾಠ ಮಾಡುವವರು ಹೆಚ್ಚಾಗಿ ಇಂಗ್ಲೆಂಡ್, ಕೆನಡಾ, ಅಮೆರಿಕದವರು. ಅವರ ಕಾಡೇ ಬೇರೆ, ಅವರನ್ನು ಕೊಲ್ಲುವ ಸಂಗತಿಯೇ ಬೇರೆ. ಅಲ್ಲಿ ಹಿಮ, ಇಲ್ಲಿ ಮಳೆ. ಅಲ್ಲಿ ಬರ್ಚ್ ಮರದ ತೊಗಟೆ ಸುಲಿದು ಬೆಂಕಿ ಹಚ್ಚುತ್ತಾರೆ, ನಾವು ಆ ಮರವನ್ನು ನೋಡಿಯೇ ಇಲ್ಲ. ಹಾಗಾಗಿ ಅವರು ಹೇಳುವ ಕಾರಣವನ್ನು ಇಟ್ಟುಕೊಳ್ಳಬೇಕು, ಸಾಮಾನನ್ನು ನಮ್ಮ ಹಿತ್ತಿಲಲ್ಲಿ ಹುಡುಕಬೇಕು.

ದಿಕ್ಕಿನ ಪಾಠವನ್ನೇ ನೋಡಿ. ಎಲ್ಲರೂ ಹೇಳುವುದು ಒಂದೇ: ನಡುಹಗಲಲ್ಲಿ ಕೋಲು ನೆಟ್ಟರೆ ನೆರಳು ಉತ್ತರಕ್ಕೆ ಬೀಳುತ್ತದೆ. ಲಂಡನ್ನಿನಲ್ಲಿ ಅದು ವರ್ಷವಿಡೀ ಸರಿ. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿಬಿಡುತ್ತಾನೆ, ವಾಪಸ್ ನೆತ್ತಿಗೆ ಬರುವುದು ಆಗಸ್ಟ್ 20ರ ಆಸುಪಾಸಿಗೆ. ಆ ನಡುವೆ ಇಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಪಾಠ ನಂಬಿ ಉತ್ತರಕ್ಕೆ ಹೊರಟವರು ನೇರ ಹಿಂದಕ್ಕೆ ನಡೆಯುತ್ತಾರೆ! ಕೈಗಡಿಯಾರದ ಮುಳ್ಳನ್ನು ಸೂರ್ಯನಿಗೆ ಹಿಡಿಯುವ ಉಪಾಯವೂ ಇದೇ ಕಾರಣಕ್ಕೆ ಇಲ್ಲಿ ಕೈಕೊಡುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವುದು ಇದರ ಇನ್ನೊಂದು ವಿಧಾನ. ನೆಟ್ಟ ಕೋಲಿನ ನೆರಳಿನ ತುದಿಗೆ ಒಂದು ಕಲ್ಲಿಡಿ, ಅರ್ಧ ಗಂಟೆ ಬಿಟ್ಟು ತುದಿ ಎಲ್ಲಿಗೆ ಸರಿದಿದೆಯೋ ಅಲ್ಲಿ ಇನ್ನೊಂದು ಕಲ್ಲು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ, ಹೆಚ್ಚುಕಮ್ಮಿ ಸರಿ ಇರುತ್ತದೆ. ಆಟಿ ತಿಂಗಳಲ್ಲಿ ಸೂರ್ಯನೇ ಕಾಣದಿದ್ದರೆ? ಆಗ ಹತ್ತಿಪ್ಪತ್ತು ಗ್ರಾಂ ತೂಕದ ದಿಕ್ಸೂಚಿಯೇ ಗತಿ. ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಬುಷ್‌ಕ್ರಾಫ್ಟಿಗೆ ಅವಮಾನವೇನಲ್ಲ.

ಧ್ರುವ ನಕ್ಷತ್ರದ ಕಥೆಯೂ ಅಷ್ಟೆ. ಕೆನಡಾದಲ್ಲಿ ಅದು ಆಕಾಶದಲ್ಲಿ ಎತ್ತರಕ್ಕಿದೆ. ಇಲ್ಲಿ ದಿಗಂತದಿಂದ ಹನ್ನೆರಡೂವರೆ ಡಿಗ್ರಿ ಮೇಲೆ ಮಾತ್ರ, ಅಂದರೆ ಒಂದು ಅಡಿಕೆ ತೋಟ ಅಡ್ಡ ಬಂದರೂ ಮುಚ್ಚಿಹೋಯಿತು. ಮರದ ಉತ್ತರ ಬದಿಗೆ ಪಾಚಿ ಬೆಳೆಯುತ್ತದೆ ಎಂಬುದಂತೂ ನಮ್ಮ ಮಳೆನಾಡಿನಲ್ಲಿ ತಮಾಷೆ. ಇಲ್ಲಿ ಪಾಚಿ ಮರದ ನಾಲ್ಕು ಬದಿಗೂ ಬೆಳೆಯುತ್ತದೆ, ಮನೆಯ ಮೆಟ್ಟಿಲಿಗೂ ಬೆಳೆಯುತ್ತದೆ.

ಈಗ ಬೆಂಕಿ. ಎಲ್ಲರಿಗೂ ಇದರ ಮೇಲೆಯೇ ಕಣ್ಣು. ಬಿಲ್ಲು ಕಟ್ಟಿ ಕಡ್ಡಿ ತಿರುಗಿಸಿ ಕಿಡಿ ಬರಿಸುವುದನ್ನು ಬೇಸಿಗೆಗೆ ಇಡಿ. ಜುಲೈ ತಿಂಗಳಲ್ಲಿ ಒಂದೇ ಬೆಂಕಿಕಡ್ಡಿಯಲ್ಲಿ, ಕಾಗದ ಸೀಮೆಎಣ್ಣೆ ಇಲ್ಲದೆ, ನಿಮ್ಮ ಮನೆಯ ಬಚ್ಚಲೊಲೆ ಹೊತ್ತಿಸಲು ನಿಮಗೆ ಬರುತ್ತದಾ? ಅದೇ ಮೊದಲ ಪರೀಕ್ಷೆ. ಒದ್ದೆ ಕಟ್ಟಿಗೆಯ ಮೇಲ್ಮೈ ಮಾತ್ರ ಒದ್ದೆ, ಮರ ಸತ್ತು ಒಣಗಿದ್ದರೆ ಒಳಗೆ ಬೆಂಕಿಗೆ ಬೇಕಾದಷ್ಟು ಒಣಗಿಯೇ ಇರುತ್ತದೆ. ಕತ್ತಿಯಲ್ಲಿ ಸೀಳಿ, ಒಳಗಿನ ತಿರುಳನ್ನು ತೆಳ್ಳಗೆ ಸುರುಳಿ ಸುರುಳಿಯಾಗಿ ಕೆತ್ತಿ, ಸುರುಳಿ ಕೋಲಿನಲ್ಲೇ ಅಂಟಿಕೊಂಡಿರಲಿ. ವಿದೇಶದ ಪಾಠದಲ್ಲಿ ತೋರಿಸುವ ಗರಿಕೋಲು ಇದೇ, ಇದು ಎಲ್ಲ ದೇಶದಲ್ಲೂ ನಡೆಯುತ್ತದೆ. ಬರ್ಚ್ ತೊಗಟೆಯ ಜಾಗಕ್ಕೆ ನಮ್ಮಲ್ಲಿ ತೆಂಗಿನ ನಾರಿದೆ, ಒಣ ಮಡಲಿನ ಗರಿಯಿದೆ, ಗೆರಟೆಯಿದೆ. ಧೂಪದ ಮರದ ರಾಳ ಸಿಕ್ಕಿದರೆ ಗಾಳಿಗೂ ಜಗ್ಗದೆ ಉರಿಯುತ್ತದೆ. ಹಿಂದಿನವರು ಸೂಟೆ (ಒಣ ಮಡಲಿನ ಪಂಜು) ಬೀಸಿಕೊಂಡು ರಾತ್ರಿ ಯಕ್ಷಗಾನದಿಂದ ಮನೆಗೆ ಬರುತ್ತಿದ್ದರಲ್ವಾ, ಆ ಸೂಟೆ ಕಟ್ಟುವುದನ್ನು ಮನೆಯ ಹಿರಿಯರಿಂದ ಕಲಿತುಕೊಳ್ಳಿ, ಯಾವ ಚಾನೆಲ್ಲಿನಲ್ಲೂ ಅದು ಸಿಗುವ ಖಾತ್ರಿ ಇಲ್ಲ. ಒಂದು ಎಚ್ಚರಿಕೆ: ಗಂಟಿನಿಂದ ಗಂಟಿಗೆ ಮುಚ್ಚಿದ ಬಿದಿರನ್ನು ಹಾಗೆಯೇ ಬೆಂಕಿಗೆ ಹಾಕಬೇಡಿ, ಒಳಗಿನ ಗಾಳಿ ಹಿಗ್ಗಿ ಪಟಾಕಿ ಹಾಗೆ ಸಿಡಿಯುತ್ತದೆ. ಮತ್ತೆ, ಗುರುತಿಲ್ಲದ ಮರ ಕಡಿಯಬೇಡಿ. ಚೇರೆ ಮರದ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೆನಡಾದ ಮೇಷ್ಟ್ರಿಗೆ ಆ ಮರ ಗೊತ್ತಿಲ್ಲ.

ನೀರಿಗೆ ಹೆಚ್ಚು ಮಾತು ಬೇಡ. ಕುದಿಸಿ. ಗುಳ್ಳೆ ಎದ್ದು ಚೆನ್ನಾಗಿ ಮಗುಚಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಮರಳು ಇದ್ದಿಲು ತುಂಬಿದ ಬಾಟಲಿ ನೀರನ್ನು ತಿಳಿ ಮಾಡುತ್ತದೆಯೇ ಹೊರತು ರೋಗಾಣು ಕೊಲ್ಲುವುದಿಲ್ಲ. ನಮ್ಮಲ್ಲಿ ಇಲಿಜ್ವರದ ಭಯವೂ ಇದೆ, ಕಾಲಲ್ಲಿ ಗಾಯ ಇಟ್ಟುಕೊಂಡು ನಿಂತ ನೀರಲ್ಲಿ ನಡೆದರೂ ಅದು ಬರಬಹುದು.

ಸೂರಿನ ವಿಷಯದಲ್ಲಿ ಮಾತ್ರ ವಿದೇಶದವರ ಮಾತು ಪೂರ್ತಿ ಕೇಳಿ. ಗಾಳಿ ಇಲ್ಲದೆ ಮೂರು ನಿಮಿಷ, ಕೆಟ್ಟ ಹವೆಯಲ್ಲಿ ಆಸರೆ ಇಲ್ಲದೆ ಮೂರು ಗಂಟೆ, ನೀರಿಲ್ಲದೆ ಮೂರು ದಿನ, ಅನ್ನ ಇಲ್ಲದೆ ಮೂರು ವಾರ ಎಂದು ಅವರು ಹೇಳುವ ಲೆಕ್ಕ ಒರಟಾದರೂ ಕ್ರಮ ಸರಿಯಿದೆ. ನಮ್ಮದು ಬಿಸಿ ಊರು, ಚಳಿಗೆ ಯಾರು ಸಾಯ್ತಾರೆ ಅನ್ನಬೇಡಿ. ಮಳೆಯಲ್ಲಿ ಪೂರ್ತಿ ನೆಂದು ಗುಡ್ಡದ ಗಾಳಿಗೆ ರಾತ್ರಿಯಿಡೀ ಕೂತರೆ ಇಪ್ಪತ್ತು ಡಿಗ್ರಿಯಲ್ಲೂ ಮೈಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದರೆ ಒಣ ಎಲೆ ರಾಶಿ ಹಾಕಿ ಅದರೊಳಗೆ ತೂರಿ ಮಲಗುವ ಅವರ ಪದ್ಧತಿ ಇಲ್ಲಿ ಬೇಡವೇ ಬೇಡ. ತರಗೆಲೆಯಲ್ಲಿ ಉಂಬಳ, ಉಣ್ಣಿ, ಚೇಳು, ಹಾವು ನಿಮಗಿಂತ ಮೊದಲೇ ಮಲಗಿರುತ್ತವೆ. ಒಂದು ಟಾರ್ಪಾಲು, ಹಗ್ಗ, ನೆಲದಿಂದ ಮೇಲೆ ಮಲಗುವ ಜೋಲಿ – ಇದು ನಮ್ಮ ಕಾಡಿಗೆ ಸರಿ.

ಯಾರ ಪಾಠ ಎಂದು ಕೇಳಿದ್ದೀರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಜಾನ್ ಪ್ಲಾಂಟ್ 2015ರಿಂದ ವೀಡಿಯೋ ಹಾಕುತ್ತಿದ್ದಾರೆ. ಅದು ಉಷ್ಣವಲಯ, ಜೋರು ಮಳೆ ಬೀಳುವ ಜಾಗ, ನಮ್ಮ ಹವೆಗೆ ಹತ್ತಿರ. ಅವರು ಒಂದು ಮಾತೂ ಆಡುವುದಿಲ್ಲ, ಕ್ಯಾಪ್ಶನ್ ಆನ್ ಮಾಡಿದರೆ ವಿವರಣೆ ಸಿಗುತ್ತದೆ. ಇಂಗ್ಲಿಷ್ ಕಷ್ಟವಾದವರಿಗೂ ಅರ್ಧಕ್ಕರ್ಧ ಕೈ ನೋಡಿಯೇ ಅರ್ಥವಾಗುತ್ತದೆ. ಉಳಿದಂತೆ ನನ್ನ ಅಳತೆಗೋಲು ಒಂದೇ: ಕೆಲಸ ಕೆಟ್ಟದ್ದನ್ನೂ ತೋರಿಸುವವರನ್ನು ನಂಬಿ. ಪ್ರತಿ ಸಲವೂ ಮೊದಲ ಪ್ರಯತ್ನಕ್ಕೇ ಬೆಂಕಿ ಹತ್ತಿದರೆ ಅಲ್ಲಿ ಕ್ಯಾಮೆರಾದ ಹಿಂದೆ ಲೈಟರ್ ಇರುತ್ತದೆ. ಸರ್ಟಿಫಿಕೇಟಿಗೆ ಹೆಚ್ಚು ಬೆಲೆ ಕೊಡಬೇಡಿ.

ಉಚಿತ ಪಾಠ ಮೊಬೈಲಿನಲ್ಲಿ ಮಾತ್ರ ಇರುವುದಲ್ಲ. ಸ್ಕೌಟ್ಸ್ ಅಂಡ್ ಗೈಡ್ಸಿನಲ್ಲಿ ಗಂಟು, ದಿಕ್ಸೂಚಿ, ಪ್ರಥಮ ಚಿಕಿತ್ಸೆ ಕಲಿಸುತ್ತಾರೆ. ಅರಣ್ಯ ಇಲಾಖೆ ವಿದ್ಯಾರ್ಥಿಗಳಿಗೆ ಪ್ರಕೃತಿ ಶಿಬಿರ ನಡೆಸುತ್ತದೆ, ಕಾಲೇಜಿನ ಮೂಲಕ ಅರ್ಜಿ ಹಾಕಿ, ಕಾಡಿನೊಳಗೆ ಕಾನೂನುಬದ್ಧವಾಗಿ ರಾತ್ರಿ ಕಳೆಯಲು ಅದೊಂದು ದಾರಿ. ಬಳ್ಳಿಯಲ್ಲಿ ಬುಟ್ಟಿ ಹೆಣೆಯುವ ಕೊರಗರು ನಿಮ್ಮ ಸುತ್ತಮುತ್ತಲೇ ಇದ್ದಾರೆ. ಯಾವ ಬಳ್ಳಿ ಬಾಗುತ್ತದೆ, ಯಾವುದು ಮುರಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಯೂಟ್ಯೂಬರಿಗೂ ಗೊತ್ತಿಲ್ಲ. ಹೋಗಿ ಗೌರವದಿಂದ ಕೇಳಿ, ಕಲಿತದ್ದಕ್ಕೆ ಕೂಲಿ ಕೊಡಿ, ಕೇಳದೆ ಮೊಬೈಲ್ ಎತ್ತಿ ಶೂಟ್ ಮಾಡಬೇಡಿ.

ಮೊದಲ ರಾತ್ರಿಯನ್ನು ನಿಮ್ಮ ತೋಟದಲ್ಲೇ ಕಳೆಯಿರಿ. ಕಾರಡ್ಕ, ದೇಲಂಪಾಡಿ ಕಡೆಯಂತೆ ಆನೆ ಬರುವ ಜಾಗವಾದರೆ ಅದೂ ಬೇಡ, ಮನೆಯಂಗಳ ಸಾಕು. ಮಳೆ ಬರುವ ರಾತ್ರಿಯನ್ನೇ ಆರಿಸಿ.

ಪ್ರಶ್ನೆ: ವಿದೇಶದ ವೀಡಿಯೋ ನೋಡಿ ನಮ್ಮ ಮಗ ಹಾವು ಕಡಿತಕ್ಕೆ ವಿಷ ಹೀರುವ ಕಿಟ್ ಮತ್ತು ಬಿಗಿಯುವ ಬ್ಯಾಂಡೇಜ್ ಆರ್ಡರ್ ಮಾಡಿದ್ದಾನೆ. ಇಟ್ಟುಕೊಳ್ಳಬಹುದಾ?
– ಗೃಹಿಣಿ, ಬದಿಯಡ್ಕ

ಉತ್ತರ: ಕಿಟ್ ವಾಪಸ್ ಕಳಿಸಿ ಅಕ್ಕಾ. ಹೀರಿದರೆ ವಿಷ ಹೊರಗೆ ಬರುವುದಿಲ್ಲ, ಗಾಯ ಮಾತ್ರ ಕೆಡುತ್ತದೆ. ಬಿಗಿ ಬ್ಯಾಂಡೇಜಿನ ಪಾಠ ಬಂದದ್ದು ಆಸ್ಟ್ರೇಲಿಯಾದಿಂದ. ಅಲ್ಲಿ ಮಂಡಲ ಜಾತಿಯ ಹಾವೇ ಇಲ್ಲ, ನೆಲದ ಮೇಲಿನ ಅಪಾಯದ ವಿಷದ ಹಾವುಗಳು ನಾಗರದ ಕುಟುಂಬದವು. ಇಲ್ಲಿ ಕೊಳಕುಮಂಡಲ ಕಡಿದ ಜಾಗವನ್ನು ಬಿಗಿದು ಕಟ್ಟಿದರೆ ಆ ಭಾಗಕ್ಕೇ ಹಾನಿ ಜಾಸ್ತಿಯಾಗಬಹುದು. ಉಂಗುರ, ಬಳೆ ತೆಗೆಯಿರಿ, ಮೂಳೆ ಮುರಿದಾಗ ಕಟ್ಟುವ ಹಾಗೆ ಕೋಲಿಟ್ಟು ಕೈ ಕಾಲು ಅಲ್ಲಾಡದಂತೆ ಮಾಡಿ, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಓಡಿ. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಎಂದು ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಹಾವು ಹಿಡಿದು ಕೊಂಡೊಯ್ಯುವುದು ಬೇಡ. ಮಗನ ಆಸಕ್ತಿಗೆ ಬೈಯಬೇಡಿ, ಆ ದುಡ್ಡಿಗೆ ಒಳ್ಳೆಯ ಟಾರ್ಚ್ ಮತ್ತು ಉದ್ದ ಗಂಬೂಟು ಕೊಡಿಸಿ.

ಪ್ರಶ್ನೆ: ಕಾಡುಸೊಪ್ಪು, ಅಣಬೆ ಗುರುತಿಸುವ ಉಚಿತ ಆ್ಯಪ್ ನಂಬಿ ತಿನ್ನಬಹುದೇ?
– ಓದುಗ, ಮಂಜೇಶ್ವರ

ಉತ್ತರ: ಹೆಸರು ತಿಳಿಯಲು ಸರಿ, ಬಾಯಿಗೆ ಹಾಕಲು ಅಲ್ಲ. ತುಟಿಗೆ ಸವರಿ, ಸ್ವಲ್ಪ ತಿಂದು, ಕಾದು ನೋಡಿ ಎಂಬ ಪರೀಕ್ಷೆಯನ್ನೂ ಕೆಲವರು ಕಲಿಸುತ್ತಾರೆ, ಅಣಬೆಗೆ ಅದು ಸಾವಿನ ದಾರಿ. ಕೆಲವು ವಿಷದ ಅಣಬೆ ತಿಂದ ಆರೇಳು ಗಂಟೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವಾಗ ಯಕೃತ್ತು ಹಾಳಾಗಲು ಶುರುವಾಗಿರುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ತಗತೆ, ಕೆಸು, ಕಣಿಲೆ (ಎಳೆ ಬಿದಿರು) ಇವಿಷ್ಟನ್ನು ಅವರ ಕೈಯಿಂದಲೇ ಕಲಿಯಿರಿ. ಕಣಿಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಸುವುದು ಬರೀ ಕಹಿ ಹೋಗಲಿ ಎಂದಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನೆನೆಸಿ, ನೀರು ಚೆಲ್ಲಿ, ಬೇಯಿಸಿದ ಮೇಲೆಯೇ ಅದು ಪಲ್ಯಕ್ಕೆ.